ಊಳಿಡುವ ಒಲೆ

ಒನುಫ್ರಿಗೆ ಅರವತ್ತು ತುಂಬಲು ಇನ್ನು ಆರೇ ದಿನ. ತುಂಬಿದ ಮೇಲೆ ಸೈನ್ಯ ಅವನನ್ನು ಮನೆಗೆ ಕಳಿಸಲೇಬೇಕು. ಅವನಾಗಿಯೇ ರುಜು ಹಾಕಿ ಉಳಿದರೆ ಮಾತು ಬೇರೆ. ರುಜು ಬೀಳದ ಆ ಕಾಗದ ಎರಡು ದಿನದಿಂದ ಅವನ ಜೇಬಿನಲ್ಲೇ ಇತ್ತು.

ಐವತ್ತೆಂಟನೇ ವಯಸ್ಸಿನಲ್ಲಿ ಅವನನ್ನು ಯುದ್ಧಕ್ಕೆ ಎಳೆದೊಯ್ದು ಬಂದೂಕು ಕೊಟ್ಟರು, ಓಡಲು ಮಂಡಿ ಮಾತ್ರ ಯಾರೂ ಕೊಡಲಿಲ್ಲ. ಆದರೆ ಪೋಲ್ತಾವಾ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಒಲೆ ಕಟ್ಟಿದ ಕೈ ಅದು, ಸುಮ್ಮನಿರುತ್ತದೆಯೇ? ನೆಲದಡಿಯ ಅಡಗುಗೂಡುಗಳಲ್ಲಿ ಒಡೆದ ಇಟ್ಟಿಗೆಗೆ ಜೇಡಿಮಣ್ಣು ಮೆತ್ತಿ ಅವನು ಕಟ್ಟಿದ ಒಲೆಗಳ ಹೊಗೆ ಹೊರಗೆ ಕಾಣುತ್ತಲೇ ಇರಲಿಲ್ಲ. ಹೊಗೆ ಕಂಡರೆ ತಲೆ ಮೇಲೆ ಶತ್ರುವಿನ ಡ್ರೋನು ಬಂತೆಂದೇ ಅರ್ಥ.

"ನೀನು ಹೋದ್ಮೇಲೆ ನಾವು ಚಳಿಗೆ ಸಾಯ್ಬೇಕೋ, ಹೊಗೆಗೆ ಸಾಯ್ಬೇಕೋ, ಅದೊಂದು ಹೇಳ್ಬಿಟ್ಟು ಹೋಗು," ಎಂದ ಜೊತೆಯ ಸೈನಿಕ ಪಂತೆಲಿ. ಊರಲ್ಲಿ ಲಾರಿ ಓಡಿಸಿಕೊಂಡಿದ್ದ ಅವನಿಗೂ ಆಗಲೇ ಐವತ್ತೈದು.

"ಸಾಯೋಕೆ ನಿನ್ನ ಗೊರಕೆ ಸಾಲ್ದೇನೋ?" ಎಂದ ಒನುಫ್ರಿ. ಆದರೆ ಇವರನ್ನು ಬಿಟ್ಟು ಹೊರಡಲು ಅವನಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು.

ಬೆಂಕಿಯ ಮುಂದೆ ಕೂತರೆ ಅವನಿಗೆ ಮುಂದೆ ತನ್ನ ಮಾವನಾದವನ ಮನೆಯ ಒಲೆ ನೆನಪಾಗುತ್ತಿತ್ತು. ಅದನ್ನು ಕಟ್ಟಿದಾಗ ಅವನಿಗೆ ಇಪ್ಪತ್ತೆರಡು. ಆ ಜಿಪುಣ ಮುದುಕ ಬರೀ ಬೀಟ್‌ರೂಟ್ ಸಾರು ಬಡಿಸಿ, ಹಂದಿಕೊಬ್ಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಒಲೆ ಕಟ್ಟುವವರ ಸೇಡು ಊರಿಗೇ ಗೊತ್ತಿದ್ದದ್ದು: ಹೊಗೆಗೂಡಿನೊಳಗೆ ಒಡೆದ ಸೀಸೆಯ ಕತ್ತು ಮೆತ್ತಿಬಿಡುವುದು. ಗಾಳಿ ಬೀಸಿದಾಗಲೆಲ್ಲ ಒಲೆ ತೋಳದ ಹಾಗೆ ಊಳಿಡುತ್ತದೆ. ಒನುಫ್ರಿಯೂ ಅದನ್ನೇ ಮಾಡಿದ. ಮೂರನೇ ದಿನ ಮುದುಕನ ಮಗಳು ಯವ್ದೋಖ ಸೊಂಟಕ್ಕೆ ಕೈಯಿಟ್ಟು ಅವನ ಬಾಗಿಲಲ್ಲಿ ನಿಂತಳು.

"ಏನಯ್ಯಾ, ನಮ್ಮಪ್ಪ ಜಿಪುಣ ಅಂತ ನನ್ ನಿದ್ದೆ ಯಾಕೆ ಕೆಡಿಸ್ತೀಯ? ಬಂದು ಸರಿಮಾಡು."

ಅರ್ಧ ಗಂಟೆಯ ಕೆಲಸಕ್ಕೆ ಅವನು ಚಳಿಗಾಲವಿಡೀ ಓಡಾಡಿದ. ಎಂಥ ಚಳಿಗಾಲ ಅದು, ಅಂಥದ್ದು ಮತ್ತೆ ಬರಲಿಲ್ಲ. ತಮ್ಮ ಮದುವೆಯ ದಿನ ಬೆಳಗ್ಗೆ ಆ ಸೀಸೆಯ ಕತ್ತನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಎಸೆದಳೆಂದೇ ಅವನು ತಿಳಿದಿದ್ದ.

ಈ ಎರಡು ವರ್ಷದಲ್ಲಿ ಯವ್ದೋಖ ಫೋನಿನಲ್ಲಿ ಒಮ್ಮೆಯೂ 'ಬಾ' ಎಂದಿರಲಿಲ್ಲ. ಹಾಗೆಂದರೆ ಅವನ ಧೈರ್ಯ ಕುಸಿದೀತೆಂಬ ಹೆದರಿಕೆ ಅವಳಿಗೆ. ಕಾಗದದ ವಿಷಯ ಹೇಳಿದಾಗಲೂ "ನಿನ್ನಿಷ್ಟ" ಎಂದಷ್ಟೇ ಹೇಳಿ ಫೋನಿಟ್ಟುಬಿಟ್ಟಳು.

ಮಾರನೇ ದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. "ಒಲೆ ಊಳಿಡ್ತಾ ಇದೆ."

"ಗೂಡು ಬಿರುಕು ಬಿಟ್ಟಿರ್ಬೇಕು."

"ಬಿರುಕೂ ಇಲ್ಲ, ಮಣ್ಣೂ ಇಲ್ಲ. ಕೇಳು."

ಅವಳು ಫೋನನ್ನು ಒಲೆಗೆ ಹಿಡಿದಳು. ಮೂವತ್ತೇಳು ವರ್ಷದ ಹಿಂದಿನ ಅದೇ ಸೀಸೆಯ ದನಿ.

"ನೋಯೋ ಸೊಂಟ ಇಟ್ಕೊಂಡು ಏಣಿ ಹತ್ತಿದ್ಯೇನೇ?"

"ಯಾರು ಹತ್ತಿದ್ರೇನು? ಬಂದು ಸರಿಮಾಡು."

ಫೋನಿಟ್ಟ ಮೇಲೆ ಅವನು ಜೇಬಿನ ಕಾಗದ ತೆಗೆದು, ಮುದುರಿ, ಒಲೆಗೆ ಹಾಕಿದ. ಆಮೇಲೆ ಮಣ್ಣು ಮೆತ್ತುವ ತನ್ನ ಕರಣೆಯನ್ನು ಪಂತೆಲಿಯ ಕೈಗೆ ತುರುಕಿದ.

"ಏಳು. ಮಣ್ಣು ಕಲಸೋದು ಕಲಿ. ಇನ್ನು ಐದೇ ದಿನ ಇದೆ."