ನಾನು ವಾಪಸ್ ಕಳಿಸಿದ ಮೈಕು

ಅವರ ಕಣ್ಣಿನ ರೆಪ್ಪೆಗಳ ಮೇಲೆ ಯಾವಾಗಲೂ ಹತ್ತಿಯ ಎಳೆಗಳು ಕೂತಿರುತ್ತಿದ್ದವು. ಹುಬ್ಬಿನ ಮೇಲೆ, ತಲೆಗೆ ಹೊದ್ದ ಸೆರಗಿನ ಅಂಚಿನಲ್ಲಿ, ಕಿವಿಯ ಹತ್ತಿರದ ಕೂದಲಿನ ಮೇಲೂ ಅದೇ ಬಿಳಿ. ಮೊದಲ ಸಲ ನೋಡಿದವರು ಈ ಹೆಂಗಸಿಗೆ ಹುಬ್ಬೆಲ್ಲ ನರೆತಿದೆ ಅಂದುಕೊಳ್ಳಬೇಕು. ಮುಖ ತೊಳೆದು ಬಂದಾಗ ಮಾತ್ರ ಆ ಹುಬ್ಬುಗಳು ಕಪ್ಪಗಿವೆ ಎಂದು ತಿಳಿಯುತ್ತಿತ್ತು. "ತೊಳೆದ್ರೂ ಅಷ್ಟೇ, ಬಿಟ್ರೂ ಅಷ್ಟೇ ಟೀಚ್ರಮ್ಮ. ಇನ್ನರ್ಧ ಗಂಟೇಲಿ ಮತ್ತೆ ಅಜ್ಜಿ ಆಗ್ತೀನಿ" ಎನ್ನುತ್ತಿದ್ದರು.

ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ತಗಡಿನ ಶೀಟಿನ ಅಂಗಡಿ, ಒಳಗೆ ಹತ್ತಿ ಹಿಂಜುವ ಯಂತ್ರ. ಹುಟ್ಟಿದ್ದು ಅಜ್ಜಂಪುರದಲ್ಲಿ. ಅವರ ತಂದೆ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಸುತ್ತಲಿನ ಹಳ್ಳಿ ತಿರುಗುತ್ತಿದ್ದವರು. ಗಂಡ ತೀರಿಕೊಂಡ ಮೇಲೆ ಯಂತ್ರವನ್ನು ಇವರೇ ನಡೆಸಿ, ಒಬ್ಬಳೇ ಮಗಳನ್ನು ತರೀಕೆರೆಗೆ ಮದುವೆ ಮಾಡಿ ಕೊಟ್ಟಿದ್ದರು. ಊರವರಿಗೆ ಅವರು ಹಾಸಿಗೆ ಬೂಬಮ್ಮ. ನಾನು ಖಾಲಾ ಎಂದು ಕರೆಯುತ್ತಿದ್ದೆ. ಅವರ ಮನೆಮಾತಿನಲ್ಲಿ ಚಿಕ್ಕಮ್ಮ ಎಂದು ಅರ್ಥ.

ಯಾರ ಮನೆಯ ಹಾಸಿಗೆಯೇ ಆಗಲಿ, ಹೊಲಿಗೆ ಬಿಚ್ಚುವ ಮೊದಲು ಒಂದು ಚಿಟಿಕೆ ಹತ್ತಿ ಹೊರಗೆಳೆದು ಎರಡು ಹೆಬ್ಬೆರಳುಗಳ ನಡುವೆ ಹಿಗ್ಗಿಸಿ ನೋಡುತ್ತಿದ್ದರು. "ಇದ್ರ ಮೇಲೆ ಮಲಗೋರು ಎಡಮಗ್ಗುಲು ಬಿಟ್ಟು ಹೊರಳಲ್ಲ" ಎಂದು ಹೇಳಿಬಿಡುತ್ತಿದ್ದರು. ಅದು ಹೆಚ್ಚಾಗಿ ನಿಜವೇ ಆಗಿರುತ್ತಿತ್ತು. ಅವಸರಪಡಿಸಿದರೆ ಮಾತ್ರ ಕೈ ನಿಲ್ಲಿಸಿಬಿಡುತ್ತಿದ್ದರು. "ಹತ್ತಿಗೆ ಅವಸರ ಮಾಡಿದ್ರೆ ಗಂಟಾಗುತ್ತೆ" ಅನ್ನುವುದು ಅವರ ಮಾತು.

ನಾನೋ, ಹಾಲು ಒಲೆಯ ಮೇಲಿಟ್ಟರೆ ಉಕ್ಕುವ ತನಕ ಕಾಯಲಾರೆ, ಮೂರು ಸಲ ಉರಿ ಹೆಚ್ಚಿಸುವವಳು. ಬಸ್ಸಿಗೆ ಕಾಯುವಾಗಲೂ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿರುತ್ತೇನೆ. ಆ ವರ್ಷವಂತೂ ಮೈಯಲ್ಲಿ ಇರುವೆ ಬಿಟ್ಟುಕೊಂಡಂತಿದ್ದೆ. ಹದಿನಾಲ್ಕು ವರ್ಷ ಕಲಿಸಿದ್ದ ಖಾಸಗಿ ಶಾಲೆ ಕನ್ನಡ ಮಾಧ್ಯಮವನ್ನು ಮುಚ್ಚಿತು, ಅದರ ಜೊತೆಗೆ ನನ್ನನ್ನೂ ಮನೆಗೆ ಕಳಿಸಿತು. ಮಕ್ಕಳ ಮುಂದೆ ಗಟ್ಟಿಯಾಗಿ ಪಾಠ ಓದುವುದೊಂದು ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಬೆಂಗಳೂರಿನ ಒಂದು ಸಂಸ್ಥೆಗೆ ಫೋನಿನಲ್ಲೇ ಓದಿದ ಮಾದರಿ ಕಳಿಸಿದೆ. ಧ್ವನಿ ಇಷ್ಟವಾಯಿತು, ಆದರೆ ಬಾವಿಯೊಳಗಿಂದ ಓದಿದಂತಿದೆ ಎಂದು ಉತ್ತರ ಬಂತು.

ಮೈಕು ಬೇಕು ಎಂದು ತೀರ್ಮಾನಿಸಿದೆ. ಮೂರು ವಾರ ಅದೇ ಹುಚ್ಚು. ಲ್ಯಾಪ್‌ಟಾಪಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕುಗಳಲ್ಲಿ ಯಾವುದು ಒಳ್ಳೆಯದು, ಓದುವುದಕ್ಕೂ ಆಗಬೇಕು, ಭಾನುವಾರ ಹಳೆಯ ವಿದ್ಯಾರ್ಥಿಗಳಿಗೆ ಲೈವ್‌ನಲ್ಲಿ ಕಥೆ ಹೇಳುವುದಕ್ಕೂ ಆಗಬೇಕು. ಯೂಟ್ಯೂಬಿನಲ್ಲಿ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಸಾರಿಗೆ ಒಗ್ಗರಣೆ ಹಾಕುವಾಗಲೂ ಕಿವಿಯಲ್ಲಿ ಅವರ ವಾದವೇ. ನನಗೆ ತಿಳಿದದ್ದು ಇಷ್ಟು: ಒಂದು ಜಾತಿಯ ಮೈಕು ಕೋಣೆಯಲ್ಲಿರುವ ಸಣ್ಣ ಸದ್ದನ್ನೂ ಬಿಡದೆ ಹಿಡಿಯುತ್ತದೆ, ಇನ್ನೊಂದು ಜಾತಿಯದು ಬಾಯಿಗೆ ಹತ್ತಿರ ಇಟ್ಟುಕೊಂಡರೆ ಮಾತ್ರ ಕೇಳಿಸಿಕೊಳ್ಳುತ್ತದೆ. ಎಲ್ಲವನ್ನೂ ಹಿಡಿಯುವುದೇ ಉತ್ತಮ ಅನ್ನಿಸಿ ಅದನ್ನೇ ತರಿಸಿದೆ. ಅದು ಬಾವಿಯ ಜೊತೆಗೆ ಹಿತ್ತಲಾಚೆಯ ಕಾಯಿ ಮಂಡಿಯ ಲಾರಿಯನ್ನೂ, ಕಡೂರು ಸ್ಟೇಷನ್ನಿಗೆ ಬರುವ ರೈಲಿನ ಕೂಗನ್ನೂ ಹಿಡಿದು ಕೊಟ್ಟಿತು. ಎರಡನೆಯ ಮಾದರಿಯೂ ವಾಪಸಾಯಿತು. ಇನ್ನೊಂದು ತಿಂಗಳಲ್ಲಿ ಕೊನೆಯ ಮಾದರಿ ಕಳಿಸಿ, ಅದೂ ಆಗದಿದ್ದರೆ ಕ್ಷಮಿಸಿ ಎಂದು ಬರೆದಿದ್ದರು.

ನಮ್ಮತ್ತೆಗೆ ಇದೆಲ್ಲ ನಗೆಪಾಟಲು. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ಓದೋದು ಬಿಟ್ಟು ಆ ಡಬ್ಬಾನೇ ಬೈತಾ ಕೂತವ್ಳೆ" ಎಂದು ಅಡುಗೆಮನೆಗೆ ಕೇಳುವಂತೆ ಹೇಳುತ್ತಿದ್ದರು.

ಖಾಲಾ ನಮ್ಮ ಮನೆಗೆ ಬಂದದ್ದು ಆ ಅತ್ತೆಯ ಹಾಸಿಗೆ ಬಿಚ್ಚಿ ಹೊಲಿಯುವುದಕ್ಕೆ. ಮಹಡಿಯ ಮೆಟ್ಟಿಲ ಹತ್ತಿರ ಕೂತಿದ್ದವರು ನಾನು ಮೇಲಿನ ಕೋಣೆಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದನ್ನು ಕೇಳಿಸಿಕೊಂಡಿದ್ದರು. ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತರು.

"ಟೀಚ್ರಮ್ಮ, ತಪ್ಪು ತಿಳ್ಕೋಬೇಡಿ. ಬಾವಿ ಹಗ್ಗ ಹಳೇದಾಗಿತ್ತು ಅಂತ ಬೆಳಗ್ಗೆಯಿಂದ ಮೂವತ್ತು ಸಲ ಹೇಳಿದ್ರಿ. ಹೊಸ ಹಗ್ಗ ತರಿಸ್ಬಾರ್ದಾ?"

ಎಷ್ಟೋ ದಿನಗಳ ಮೇಲೆ ನಕ್ಕೆ. ನಕ್ಕಿದ್ದೇ ತಡ, ಕಣ್ಣಲ್ಲಿ ನೀರೂ ಬಂತು. ಎಲ್ಲವನ್ನೂ ಹೇಳಿಕೊಂಡೆ. ಅವರು ಮೈಕನ್ನು ತಿರುಗಿಯೂ ನೋಡಲಿಲ್ಲ. ಕೋಣೆಯ ನಡುವೆ ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು, ಗೋಡೆಯ ಹತ್ತಿರ ಹೋಗಿ ಮತ್ತೊಮ್ಮೆ ತಟ್ಟಿದರು.

"ರೂಮು ಟೊಳ್ಳು. ಮೇಲೆ ಸಿಮೆಂಟು, ಕೆಳಗೆ ಟೈಲ್ಸು, ನೀವು ಹೇಳಿದ್ದನ್ನ ಅದೂ ಹೇಳ್ತಾ ಇದೆ. ನಮ್ಮ ಮಿಷನ್ ಸದ್ದಿಗೆ ಪಕ್ಕದ ಮನೆಯವರು ಜಗಳಕ್ಕೆ ಬರ್ತಿದ್ರು. ಗೋಡೆಗೆ ಹತ್ತಿ ಮೂಟೆ ಜೋಡಿಸಿದ್ವಿ, ಜಗಳ ನಿಂತೋಯ್ತು. ನಿಮ್ಮತ್ರ ಹಳೇ ಹಾಸಿಗೆ ಎಷ್ಟಿದಾವೆ?"

ಅಟ್ಟದ ಮೇಲೆ ಐದಿದ್ದವು. ಅವನ್ನು ಬಿಚ್ಚಿ ತೆಳುವಾದ ಗಾದಿಗಳನ್ನಾಗಿ ಹೊಲಿದು ನಾಲ್ಕು ಗೋಡೆಗೂ ತೂಗುಹಾಕುವುದು ಎಂದಾಯಿತು. ಮಿಷನ್ನಿಗೆ ಹಾಕಿದರೆ ಹತ್ತಿ ತೀರಾ ಹಗುರಾಗಿ ತೂಗುವಾಗ ಕೆಳಗೆ ಜಾರುತ್ತದೆ, ಕೋಲಿನಲ್ಲೇ ಬಡಿಯಬೇಕು ಎಂದರು. ಆಷಾಢದ ಗಾಳಿ, ತಾರಸಿಯ ಮೇಲೆ ಬಡಿದರೆ ಅರ್ಧ ಹತ್ತಿ ಪಕ್ಕದ ಬೀದಿಗೆ ಹೋಗುತ್ತಿತ್ತು. ಹಾಗಾಗಿ ಆ ಕೋಣೆಯಲ್ಲೇ ಕೂತು ಬಡಿದರು. ಹಗಲೆಲ್ಲ ಬಡಿಯುವುದು, ದಬ್ಬಣದಲ್ಲಿ ಹೊಲಿಯುವುದು, ನಡುನಡುವೆ ಕೆಮ್ಮುವುದು. ಹತ್ತಿಯ ಕೆಲಸದವರಿಗೆ ಕೆಮ್ಮು ಇದ್ದದ್ದೇ ಎಂದು ನಾನೂ ಅಂದುಕೊಂಡೆ, ಅವರೂ ಅಂದುಕೊಂಡಿದ್ದರು. ಒಂದೆರಡು ಸಲ "ಕಿಟಕಿ ಸ್ವಲ್ಪ ತೆಗೀರಿ" ಎಂದರು. "ತಡೀರಿ ಖಾಲಾ, ಲಾರಿ ಬಂದಿದೆ, ಇದೊಂದು ರೆಕಾರ್ಡ್ ಮಾಡ್ಕೊಂಬಿಡ್ತೀನಿ" ಎಂದೆ. ನಾನು ಓದುವಷ್ಟು ಹೊತ್ತು ಅವರು ಕೋಲು ಕೆಳಗಿಟ್ಟು ಮೂಲೆಯಲ್ಲಿ ಸದ್ದಿಲ್ಲದೆ ಹೊಲಿಯುತ್ತಿದ್ದರು. ದಿನಗಳು ಓಡುತ್ತಿದ್ದವು. ಗಂಟೆಗೊಂದು ಸಲ "ಆಯ್ತಾ ಖಾಲಾ?" ಎನ್ನುತ್ತಿದ್ದೆ. ಅವರು ದಬ್ಬಣ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಮೂರು ಗೋಡೆ ತುಂಬುವಷ್ಟರಲ್ಲಿ ಕೋಣೆ ಬದಲಾಗಿತ್ತು. ಬಾವಿ ಮಾಯವಾಯಿತು. ನನ್ನ ಧ್ವನಿ ನನಗೇ ಮೆತ್ತಗೆ, ಹತ್ತಿರದಲ್ಲಿ ಕೇಳಿಸಿತು. ಆದರೆ ಆ ಮೌನದಲ್ಲಿ ಹೊಸದೊಂದು ಸದ್ದು ಶುರುವಾಯಿತು. ಓದುವಾಗ ಏನೂ ತಿಳಿಯುತ್ತಿರಲಿಲ್ಲ, ಕೊನೆಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ನನ್ನ ಮಾತಿನ ಹಿಂದೆ ಒಂದು ಸಣ್ಣ ಸೀಟಿ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಎಳೆದು, ನಿಂತು, ಮತ್ತೆ ಎಳೆಯುತ್ತಿತ್ತು.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಫ್ಯಾನು ನಿಲ್ಲಿಸಿದೆ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿದೆ. ವೈರು ಬದಲಾಯಿಸಿದೆ. ಕೆಳಗಿನ ಫ್ರಿಜ್ಜನ್ನೂ ಆರಿಸಿ ಅತ್ತೆಯಿಂದ ಬೈಸಿಕೊಂಡೆ. ಖಾಲಾಗೂ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ತುಂಬ ಹೊತ್ತು ಕೇಳಿದರು. "ಹೌದು, ಸೀಟಿ ಹೊಡೀತಾ ಇದೆ. ಇಲಿ ಮರಿ ಇರ್ಬೋದಾ?" ಎಂದು ತಾವೇ ಮಂಡಿಯೂರಿ ಗಾದಿಗಳ ಹಿಂದೆಲ್ಲ ಕಿವಿಯಿಟ್ಟು ಹುಡುಕಿದರು. ಅವರು ನಮಾಜಿಗೂ ಊಟಕ್ಕೂ ಅಂಗಡಿಗೆ ಹೋಗಿದ್ದಾಗ ರೆಕಾರ್ಡ್ ಮಾಡಿದರೆ ಸದ್ದಿಲ್ಲ, ಮಧ್ಯಾಹ್ನದ ಮೇಲೆ ಮಾಡಿದರೆ ಮತ್ತೆ ಇತ್ತು. ಮೈಕು ಬಿಸಿಯಾದರೆ ಬರುವ ದೋಷ ಎಂದು ಲೆಕ್ಕ ಹಾಕಿದೆ. ಇಂಟರ್ನೆಟ್ಟಿನಲ್ಲಿ ಕೇಳಿದಾಗ ಯಾರೋ ಜಾಣರು ಹೌದೆಂದರು. ಮೈಕನ್ನು ಡಬ್ಬಿಗೆ ತುಂಬಿ ದೋಷವಿದೆ ಎಂದು ಬರೆದು ವಾಪಸ್ ಕಳಿಸಿದೆ. ಬದಲಿಗೆ ಬಂದ ಮೈಕಿನಲ್ಲೂ ಅದೇ ಸೀಟಿ. ಅದನ್ನೂ ಕಳಿಸಿದೆ.

ಕೊನೆಯ ವಾರದಲ್ಲಿ ಇನ್ನೊಂದು ಜಾತಿಯದನ್ನು ತರಿಸಿದೆ, ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಇದ್ದರೆ ಮಾತ್ರ ಕೇಳಿಸಿಕೊಳ್ಳುವುದು. ಖಾಲಾ ಮೂಲೆಯಲ್ಲಿ ಕೊನೆಯ ಗಾದಿ ಹೊಲಿಯುತ್ತಿದ್ದಾಗಲೇ ಓದಿ ಕೇಳಿದೆ. ಸೀಟಿ ಇಲ್ಲ. ಎರಡು ಸಲ, ಮೂರು ಸಲ ಕೇಳಿದೆ, ಇಲ್ಲ. ಅವರಿಗೂ ಹಳೆಯ ಮೈಕಿನ ಓದು, ಹೊಸದರ ಓದು ಎರಡನ್ನೂ ಕೇಳಿಸಿ ಯಾವುದು ಚೆನ್ನ ಎಂದೆ.

"ಅದ್ರಲ್ಲಿ ನೀವೂ ಇದ್ದೀರಿ, ಮನೇನೂ ಇದೆ. ಇದ್ರಲ್ಲಿ ನೀವೊಬ್ರೇ ಇದ್ದೀರಿ" ಎಂದರು. ದಾರ ಕಚ್ಚಿ ಕತ್ತರಿಸಿ, "ಓದೋ ಕೆಲಸಕ್ಕೆ ಇದೇ ಸರಿ ಬಿಡಿ" ಎಂದರು.

ಮಾದರಿ ಒಪ್ಪಿಗೆಯಾಯಿತು. ಕೆಲಸ ಸಿಕ್ಕಿತು. ಆವತ್ತು ಅಂಗಡಿಗೆ ಓಡಿಹೋಗಿ ಹೇಳಿದೆ. ಅವರು ಮಿಷನ್ ನಿಲ್ಲಿಸಿ, ಹತ್ತಿ ಮೆತ್ತಿದ ಕೈಯಿಂದಲೇ ನನ್ನ ಗಲ್ಲ ಸವರಿ, ನಿಮಗೂ ಗಡ್ಡ ಬಂತು ಎಂದು ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು ಕೂತುಬಿಟ್ಟರು.

ಆಮೇಲೆ ನಾನು ಓದುವುದರಲ್ಲಿ ಮುಳುಗಿದೆ. ಒಂದು ಪುಸ್ತಕ ಮುಗಿಯುವ ಮೊದಲೇ ಇನ್ನೊಂದು. ಭಾನುವಾರದ ಲೈವ್‌ಗೆ ಹಳೆಯ ಮಕ್ಕಳು ಬರತೊಡಗಿದರು. ಬೀರೂರು ರಸ್ತೆಯಲ್ಲಿ ಹೋಗುವಾಗ ಅಂಗಡಿ ಮುಚ್ಚಿರುವುದನ್ನು ಎರಡು ಸಲ ಕಂಡು, ಮಗಳ ಮನೆಗೆ ಹೋಗಿರಬೇಕು ಅಂದುಕೊಂಡೆ. ಹೋಗಿದ್ದದ್ದು ನಿಜವೇ. ಸಂಕ್ರಾಂತಿ ಕಳೆದ ಮೇಲೆ ಅವರ ಮಗಳೇ ಫೋನ್ ಮಾಡಿದಳು. "ಅಮ್ಮಿ ನಿಮ್ಮನ್ನ ನೆನೆಸ್ಕೋತಾರೆ ಮೇಡಂ. ಒಂದ್ಸಲ ಬಂದು ಹೋಗಿ."

ತರೀಕೆರೆಯ ಆ ಮನೆಯ ಮುಂಗೋಣೆಯಲ್ಲಿ ಅವರು ಮೂರು ದಿಂಬಿಗೆ ಒರಗಿ ಕೂತಿದ್ದರು. ಹುಬ್ಬು, ರೆಪ್ಪೆ ಎಲ್ಲ ಕಪ್ಪಗಿದ್ದವು. ಅಷ್ಟು ಕಪ್ಪಗಿದ್ದದ್ದನ್ನು ಕಂಡೇ ನನಗೆ ಹೆದರಿಕೆಯಾಯಿತು. ಮಗಳು ಟೀ ಮಾಡಲು ಒಳಗೆ ಹೋದಳು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಗ ಕೇಳಿಸಿತು. ಯಾವ ಮೈಕೂ ಇಲ್ಲದೆ, ಹೆಡ್‌ಫೋನ್ ಇಲ್ಲದೆ, ಅದೇ ಸೀಟಿ. ಎಳೆದು, ನಿಂತು, ಮತ್ತೆ ಎಳೆಯುತ್ತಿತ್ತು. ಅದರ ಜೊತೆಗೆ ಅವರ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ಟೀ ಲೋಟ ಕೊಡುತ್ತಾ ಮಗಳು ಹೇಳಿದಳು. ಶಿವಮೊಗ್ಗದ ಡಾಕ್ಟರು ಶ್ವಾಸಕೋಶ ಪೂರ್ತಿ ಹಾಳಾಗಿದೆ ಎಂದಿದ್ದರಂತೆ. ಮಳೆಗಾಲದಲ್ಲೇ ಕರೆದುಕೊಂಡು ಬಂದು, ಹತ್ತಿಯ ಕೆಲಸ ಬಿಡಿಸಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ. ಮಳೆಗಾಲದಲ್ಲಿ ಅವರು ನನ್ನ ಕಿಟಕಿ ಮುಚ್ಚಿದ ಕೋಣೆಯಲ್ಲಿ ಐದು ಹಾಸಿಗೆಯ ಹತ್ತಿ ಬಡಿಯುತ್ತಿದ್ದರು.

ಮಗಳು ಒಳಗೆ ಹೋದ ಮೇಲೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಆ ಸೀಟಿ ಮೈಕಿನದಲ್ಲ, ನಿಮ್ಮ ಎದೆಯದು, ಮೈಕು ಸರಿಯಾಗಿಯೇ ಹಿಡಿದಿತ್ತು, ನಾನು ದಡ್ಡಿ, ಒಂದು ಕ್ಷಣ ಸುಮ್ಮನೆ ಕೂತು ಯೋಚಿಸಿದ್ದರೆ ತಿಳಿಯುತ್ತಿತ್ತು, ಎರಡು ಸಲ ವಾಪಸ್ ಕಳಿಸಿದೆ ಎಂದು ಅತ್ತುಬಿಟ್ಟೆ. ಅವರು ಹಾಗೇ ಕೇಳಿಸಿಕೊಂಡರು. ಆಮೇಲೆ ನಗುವಿನಂಥದ್ದು ಮುಖದ ಮೇಲೆ ಬಂತು.

"ಅಯ್ಯೋ, ಆ ಇಲಿ ಮರಿ ನಾನೇನಾ?" ಎಂದರು. ಉಸಿರು ತಗೊಂಡು, "ಅಳ್ಬೇಡಿ ಟೀಚ್ರಮ್ಮ. ಸದ್ದು ನಂದೇ ಅಂತ ಆವತ್ತು ಗೊತ್ತಾಗಿದ್ರೂ ನೀವು ನನ್ನನ್ನ ಆಸ್ಪತ್ರೆಗೆ ಕಳಿಸ್ತಿರಲಿಲ್ಲ. ರೂಮಿಂದ ಆಚೆ ಕಳಿಸ್ತಿದ್ರಿ" ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಹತ್ತಿ ಹಿಗ್ಗಿಸಿ ನೋಡಿ ಹೇಳುತ್ತಿದ್ದರಲ್ಲ, ಅದೇ ಧ್ವನಿ.

"ಇಲ್ಲ ಖಾಲಾ, ಖಂಡಿತ ಇಲ್ಲ" ಎಂದೆ.

"ಆಯ್ತು ಬಿಡಿ" ಎಂದು ನನ್ನ ಕೈ ಹಿಡಿದುಕೊಂಡರು. ಬಸ್ಸಿನ ಹೊತ್ತಾಗುವ ತನಕ ಬಿಡಲಿಲ್ಲ. ನಾನೂ ಅಷ್ಟು ಹೊತ್ತು ಅಲುಗದೆ ಕೂತಿದ್ದೆ.

ಇಪ್ಪತ್ತು ದಿನಕ್ಕೆ ತೀರಿಕೊಂಡರು. ಅವರು ಹೊಲಿದ ಗೋಡೆಗಳ ನಡುವೆ ಕೂತೇ ನಾನು ಇಂದಿಗೂ ಅನ್ನ ಸಂಪಾದಿಸುತ್ತೇನೆ. ಧ್ವನಿ ಎಷ್ಟು ಶುದ್ಧವಾಗಿದೆ, ಯಾವ ಮೈಕು ಎಂದು ಕೇಳುವವರಿಗೆ ಮೈಕಿನ ಹೆಸರು ಹೇಳಿ ಸುಮ್ಮನಾಗುತ್ತೇನೆ. ಆದರೆ ಸಾಯುವವರ ಹತ್ತಿರ ನಾನು ಸುಳ್ಳು ಹೇಳಿ ಬಂದಿದ್ದೇನೆ, ಅದನ್ನು ಇಲ್ಲಾದರೂ ಹೇಳಬೇಕು. ಸೀಟಿ ಶುರುವಾದಾಗ ನನ್ನ ಕೊನೆಯ ಮಾದರಿಗೆ ಉಳಿದಿದ್ದದ್ದು ಹದಿನೈದೋ ಹದಿನಾರೋ ದಿನ. ಆ ಸದ್ದು ಅವರ ಉಸಿರಿನದು ಎಂದು ತಿಳಿದಿದ್ದರೆ ಒಂದು ಚಾಪೆ ತಂದು ಮೆಟ್ಟಿಲ ಹತ್ತಿರ ಹಾಸಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ ಖಾಲಾ ಎಂದು ಮೃದುವಾಗಿಯೇ ಹೇಳಿ, ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.