ಹಳಿಯ ಮೇಲಿನ ಒದ್ದೆ ಬಟ್ಟೆ

ಭಾವ, ಆ ದಿನ ರೈಲು ಹಳಿಯ ಮೇಲೆ ಕಾರು ನಿಂತದ್ದು ನಿಮ್ಮ ತಪ್ಪಿನಿಂದಲ್ಲ. ಕಾರಣ ನನಗೆ ಗೊತ್ತಿತ್ತು — ಮೊದಲೇ ಗೊತ್ತಿತ್ತು.

ನಿಮ್ಮ ಹಳೆಯ ಕಾರು ಬೇಸಿಗೆಯಲ್ಲಿ ನಡುದಾರಿಯಲ್ಲಿ ನಿಂತಾಗ, ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದ ನಾನು ತೀರ್ಪು ಕೊಟ್ಟಿದ್ದೆ: ಸೆಕೆಗೆ ಪಂಪಿನಲ್ಲಿ ಪೆಟ್ರೋಲ್ ಆವಿಯಾಗುತ್ತದೆ, ಒದ್ದೆ ಬಟ್ಟೆ ಹೊದಿಸಿ ತಣಿಸಬೇಕು. ಹೈದರಾಬಾದಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಹೊದಿಸಿ ಸ್ವಲ್ಪ ಕಾದರೆ ಗಾಡಿ ಹೊರಡುತ್ತಿತ್ತು. ನಮ್ಮ ಇಂಜಿನಿಯರ್ ಸಾಹೇಬರು ಟವೆಲ್ಲಿನಲ್ಲೇ ರಿಪೇರಿ ಮಾಡುತ್ತಾರೆ ಎಂದು ನೀವು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿರಿ.

ಆದರೆ ಚಳಿಗಾಲದ ಒಂದು ಬೆಳಿಗ್ಗೆಯೂ ಅಬಿಡ್ಸ್‌ ರಸ್ತೆಯಲ್ಲಿ ಕಾರು ನಿಂತಿತು. ಪಂಪ್ ಮುಟ್ಟಿದೆ — ತಣ್ಣಗಿತ್ತು. ಅದರ ಗಾಜಿನ ಬಟ್ಟಲಿನ ತಳದಲ್ಲಿ ತುಕ್ಕಿನ ಚೂರುಗಳು. ಟ್ಯಾಂಕಿಗೇ ತುಕ್ಕು ಹಿಡಿದಿತ್ತು. ಓಡುವಾಗ ಚೂರುಗಳು ಪೈಪಿನ ಬಾಯಿಗೆ ಅಂಟಿ ಪೆಟ್ರೋಲ್ ತಡೆಯುತ್ತಿದ್ದವು, ಇಂಜಿನ್ ನಿಂತ ಮೇಲೆ ಕಳಚಿ ಬೀಳುತ್ತಿದ್ದವು. ಅಂದರೆ ಇಷ್ಟು ದಿನ ಗಾಡಿ ಹೊರಟದ್ದು ನಾವು ಕಾದದ್ದರಿಂದ, ಬಟ್ಟೆಯಿಂದಲ್ಲ. ಟ್ಯಾಂಕ್ ಇಳಿಸಿ ತೊಳೆಸಿ ಎನ್ನಬೇಕಿತ್ತು. ಮಾತಾಡದೆ ಬಟ್ಟೆ ಹೊದಿಸಿದೆ. ನೀವು ಅಷ್ಟು ನಂಬಿದ್ದಿರಿ, ನಾನು ಹೇಗೆ —

ಅದೇ ಚಳಿಗಾಲದ ಇನ್ನೊಂದು ದಿನ, ಸನತ್‌ನಗರದ ಲೆವೆಲ್ ಕ್ರಾಸಿಂಗ್. ಹಿಂದಿನ ಸೀಟಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಿಮ್ಮ ಅವ್ವ. ಸರಿಯಾಗಿ ಹಳಿಗಳ ನಡುವೆ ಇಂಜಿನ್ ಕೆಮ್ಮಿ ಸುಮ್ಮನಾಯಿತು. ಗೇಟಿನವನು ಕೆಂಪು ಬಾವುಟ ಹಿಡಿದು ಹಳಿಗುಂಟ ಓಡಿದ. ನೀವು ನನ್ನತ್ತ ತಿರುಗಿದಿರಿ.

"ಏನ್ ಮಾಡೂಣೋ? ಲಗೂ ಹೇಳ."

ತಳ್ಳೋಣ ಎನ್ನಬೇಕಿತ್ತು.

"ಒದ್ದಿ ಅರಿವಿ ಹಾಕ್ತೀನಿ, ತಡೀರಿ" ಎಂದು ಇಳಿದು ಬಾನೆಟ್ ಎತ್ತಿದೆ.

ಈಗಲೂ ಕಾಣುತ್ತದೆ — ತಣ್ಣನೆಯ ಪಂಪಿಗೆ ನನ್ನ ಕೈ ಬಟ್ಟೆ ಸುತ್ತುತ್ತಿದೆ, ಕಾಲಡಿ ಹಳಿ ನಡುಗುತ್ತಿದೆ, ಅವ್ವ ನಿಮಗೆ ಇಳಿದು ಓಡು ಎನ್ನುತ್ತಿದ್ದಾರೆ, ನೀವು ಸ್ಟಿಯರಿಂಗ್ ಬಿಡುತ್ತಿಲ್ಲ. ಕಾರ್ಖಾನೆಗೆ ಹೊರಟಿದ್ದ ಕೆಲಸಗಾರರು ಸೈಕಲ್ ಎಸೆದು ಬಂದು ಹಿಂದಿನಿಂದ ತಳ್ಳಿ ಹಳಿ ದಾಟಿಸಿದರು. ರೈಲು ಹಾದ ಗಾಳಿಗೆ ಬಾನೆಟ್ ಧಡ್ಡನೆ ಮುಚ್ಚಿಕೊಂಡಿತು.

ಇಳಿದು ಬಂದು ನೀವು ಕೇಳಿದಿರಿ: "ನಂದೇನರ ತಪ್ಪಾತೇನು?"

"ಚೋಕ್ ಭಾಳ ಜಗ್ಗಿದ್ರಿ. ಪೆಟ್ರೋಲ್ ಜಾಸ್ತಿ ಆಗಿ ನಿಂತತಿ."

ನೀವು ಅದನ್ನೂ ನಂಬಿದಿರಿ. ಕಾರನ್ನು ಗುಜರಿಗೆ ಹಾಕಿದಿರಿ, ಮತ್ತೆ ಎಂದೂ ಯಾವ ಗಾಡಿಯನ್ನೂ ಓಡಿಸಲಿಲ್ಲ. ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು — "ನನ್ನ ಮಗಾ ನನ್ನ ರೈಲಿಗೆ ಕೊಡಾಂವಿದ್ದ ನೋಡ್ರಿ." ಎಲ್ಲರೂ ನಗುತ್ತಿದ್ದರು. ನೀವು ತಲೆ ತಗ್ಗಿಸಿ ನಗುತ್ತಿದ್ದಿರಿ. ನಾನೂ — ನಿಮ್ಮ ಪಕ್ಕದಲ್ಲೇ ಕೂತು.

ಅವ್ವ ಅದನ್ನೇ ನಂಬಿ ತೀರಿಕೊಂಡರು. ಅವರಿಗೆ ಇನ್ನು ಹೇಳಲಾರೆ. ಈ ಭಾನುವಾರ ಮಣಿಕೊಂಡದ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆದು ಮೆಲ್ಲಗೆ ಹೇಳು ಎಂದು ನೀವು ಅನ್ನಬಹುದು. ಇಲ್ಲ ಭಾವ. ಅಕ್ಕ, ನಿಮ್ಮ ಮಕ್ಕಳು, ಎಲ್ಲರೂ ಕೂತಿರುವಾಗಲೇ ಹೇಳುತ್ತೇನೆ.