ಡೆಲವೇರ್ ಹೊಳೆಯ ನೀರಾನೆಗಳು

ನ್ಯೂಜೆರ್ಸಿಯ ಅಂಚಿಗೆ ಹರಿಯುವ ಡೆಲವೇರ್ ನದಿಯಲ್ಲಿ ಅಕ್ಕ, ಭಾವ, ನಾನು ಒಂದು ಉದ್ದನೆಯ ಅಲ್ಯೂಮಿನಿಯಂ ದೋಣಿಯಲ್ಲಿದ್ದೆವು. ಹುಟ್ಟು ಹಾಕುತ್ತಿದ್ದ ಗೈಡ್ ಜೋಸೆಫ್ ಆಫ್ರಿಕದ ಜಾಂಬೆಸಿ ತೀರದವನು. ಅಲ್ಲಿಯೂ ಪ್ರವಾಸಿಗಳನ್ನು ಹೀಗೇ ದೋಣಿಯಲ್ಲಿ ಕರೆದೊಯ್ದು, ದಡದಲ್ಲಿ ಡೇರೆ ಹಾಕಿ ಮಲಗಿಸುತ್ತಿದ್ದನಂತೆ. ಹೊಳೆ ತಿರುಗುವಲ್ಲೆಲ್ಲ ಅವನು ಹುಟ್ಟಿನಿಂದ ದೋಣಿಯ ಮಗ್ಗುಲಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಯಾಕೆಂದು ಕೇಳಿದೆ.

“ನೀರಾನೆಗಳಿಗೆ ತಿಳಿಸೋಕೆ. ಸುಮ್ಮನೆ ಹೋದರೆ ಗಾಬರಿಬಿದ್ದು ದೋಣಿ ಮಗುಚಿಬಿಡ್ತವೆ. ಅಲ್ಲಿಯ ಅಭ್ಯಾಸ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಭಾವ ಕೇಳುತ್ತಿದ್ದ ಟ್ರಾನ್ಸಿಸ್ಟರಿನ ಸದ್ದು ತಗ್ಗಿಸಿ, “ಹಿಪ್ಪೋ ಇನ್ ನ್ಯೂಜೆರ್ಸಿ!” ಎಂದು ಗಹಗಹಿಸಿ ನಕ್ಕರು. ಜೋಸೆಫನೂ ನಕ್ಕ. ಆದರೆ ಮುಂದಿನ ತಿರುವಿನಲ್ಲಿ ಅವನು ಬಡಿಯಲಿಲ್ಲ. ನನಗೆ ಪಿಚ್ಚೆನಿಸಿತು.

ಅದರಾಚೆಯ ತಿರುವು ಬಂದಾಗ ಹಿಂದಿನಿಂದ ಟಣ್ ಟಣ್ ಎಂದು ಸದ್ದಾಯಿತು. ಈಜು ಬಾರದೆ ಬೆಳಗಿನಿಂದ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಅಕ್ಕ, ಒಂದು ಕೈ ಬಿಟ್ಟು, ಚಿತ್ರಾನ್ನದ ಸ್ಟೀಲ್ ಡಬ್ಬಿಯಿಂದ ದೋಣಿಗೆ ಬಡಿಯುತ್ತಿದ್ದಳು.

“ನೀವು ನಗ್ತಾ ಇರಿ,” ಎಂದಳು ಭಾವನಿಗೆ. “ಇನ್ನೊಬ್ಬರ ಊರಿಗೆ ಬಂದಿರೋರು ನಾವು. ಬಾಗಿಲು ತಟ್ಟದೆ ಒಳಗೆ ಹೋಗೋಕಾಗುತ್ತಾ?”